ಸ್ವಿಚ್ಚು ಬಿದ್ದ ಮೇಲೂ ಉರಿದ ದೀಪ

ರಿಟೈರ್ ಆದ ಮೇಲೆ ಮನೆಯಲ್ಲಿ ನನಗೆ ಉಳಿದಿರುವ ಅಧಿಕಾರ ಒಂದೇ. ಬೆಳಿಗ್ಗೆ ನೀರಿನ ಮೋಟಾರ್ ಹಾಕುವುದು, ಟ್ಯಾಂಕ್ ತುಂಬಿದ ಮೇಲೆ ಆರಿಸುವುದು. ಅದನ್ನೂ ಸರಿಯಾಗಿ ಮಾಡಿದೆನೋ ಇಲ್ಲವೋ ಎಂದು ಹೆಂಡತಿ ಮಹಡಿ ಹತ್ತಿ ನೋಡಿ ಬರುತ್ತಾಳೆ. ಮೂವತ್ತು ವರ್ಷ ಊರವರ ಮನೆಯ ವೈರಿಂಗ್ ಟೆಸ್ಟ್ ಮಾಡಿದವನನ್ನು ಈಗ ಟೆಸ್ಟ್ ಮಾಡುವವಳು ಅವಳು. ನನಗೇನೂ ಬೇಸರವಿಲ್ಲ. ಟೆಸ್ಟ್ ಮಾಡಿದವನನ್ನು ಇನ್ನೊಬ್ಬರು ಟೆಸ್ಟ್ ಮಾಡಬೇಕು ಎಂಬುದು ನಾನು ತಡವಾಗಿ ಕಲಿತ ಪಾಠ.

ಕೊಳ್ಳೇಗಾಲದ ನಮ್ಮ ಬೀದಿಗೆ ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಕೆಲವರು ಬರುತ್ತಾರೆ. ಮೀಟರ್ ಹಿಡಿಯುವುದು ಹೇಗೆ, ಯಾವ ಗುಂಡಿ ಯಾವುದಕ್ಕೆ ಎಂದು ನನ್ನನ್ನು ಕೇಳುವುದಿಲ್ಲ. ಅದನ್ನೆಲ್ಲ ಫೋನಿನಲ್ಲೇ ನೋಡಿ ಕಲಿತಿರುತ್ತಾರೆ. "ಸಾರ್, ನಿಮ್ಮ ಕಾಲದಲ್ಲಿ ಹೇಗಿತ್ತು?" ಎಂದು ಕೇಳುತ್ತಾರೆ. ನನ್ನ ಕಾಲದಲ್ಲಿ ತಪ್ಪುಗಳು ಬಹಳ ಇದ್ದವು ಎಂದು ಹೇಳಿದರೆ ನಗುತ್ತಾರೆ. ನಗುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸಾಮಾನಿನ ವಿಷಯ. ನಾವು ಇಎಲ್‌ಸಿಬಿ ಎನ್ನುತ್ತಿದ್ದೆವು, ಈಗ ಕಾಗದದಲ್ಲಿ ಆರ್‌ಸಿಸಿಬಿ ಎಂದು ಬರೆಯುತ್ತಾರೆ. ಹಳ್ಳಿಯವರು ಎರಡನ್ನೂ ಬಿಟ್ಟು 'ಬೀಳೋ ಸ್ವಿಚ್ಚು' ಎಂದರು. ನನಗೆ ಆ ಹೆಸರೇ ಇಷ್ಟ. ಅದರ ಕೆಲಸ ಬೆಟ್ಟಕ್ಕೆ ಜನ ಕರೆದುಕೊಂಡು ಹೋದ ಬಸ್ಸಿನ ಕಂಡಕ್ಟರನ ಕೆಲಸ. ಹೋಗುವಾಗ ತಲೆ ಎಣಿಸುತ್ತಾನೆ, ಬರುವಾಗಲೂ ಎಣಿಸುತ್ತಾನೆ. ಒಂದು ತಲೆ ಕಡಿಮೆಯಾದರೆ ಬಸ್ಸು ಬಿಡುವುದಿಲ್ಲ. ಒಂದು ವೈರಿನಲ್ಲಿ ಹೋದ ಕರೆಂಟು ಇನ್ನೊಂದರಲ್ಲಿ ಪೂರ್ತಿ ವಾಪಸ್ಸು ಬರಬೇಕು. ಮೂವತ್ತು ಮಿಲಿ ಆಂಪಿಯರಿನಷ್ಟು ಕಡಿಮೆಯಾದರೂ, ಅದು ಗೋಡೆಯ ತೇವದ ಮೂಲಕವೋ ಯಾರದೋ ಮೈ ಮೂಲಕವೋ ನೆಲಕ್ಕೆ ಹೋಗುತ್ತಿದೆ ಎಂದರ್ಥ. ಸ್ವಿಚ್ಚು ಕಣ್ಣು ಮಿಟುಕಿಸುವುದರೊಳಗೆ ಬೀಳಬೇಕು. ಬೀಳದಿದ್ದರೆ ಮನುಷ್ಯ ಬೀಳುತ್ತಾನೆ.

ನನ್ನ ಮೊದಲ ಸಾಹೇಬರು ರಾಚಯ್ಯನವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಾಲಿಗೆ ಮಾತ್ರ ದಪ್ಪ ರಬ್ಬರ್ ಚಪ್ಪಲಿ. ಅವರ ಚೀಲದಲ್ಲಿ ಒಂದು ಹೋಲ್ಡರು, ಒಂದು ಬಲ್ಬು, ಎರಡು ಉದ್ದ ವೈರು ಇರುತ್ತಿದ್ದವು. ಒಂದು ತುದಿ ಕರೆಂಟು ಬರುವ ಫೇಸಿಗೆ, ಇನ್ನೊಂದು ನೆಲಕ್ಕೆ ಹೋಗುವ ಅರ್ತಿಗೆ. ಬೀಳೋ ಸ್ವಿಚ್ಚು ಇದ್ದ ಮನೆಯಲ್ಲಿ ಅದು ಟಪ್ಪೆಂದು ಬೀಳುತ್ತಿತ್ತು. "ಬಿತ್ತಾ?" ಎನ್ನುತ್ತಿದ್ದರು. "ಬಿತ್ತು ಸಾರ್." "ಬರಿ." ಅಷ್ಟೇ ಪರೀಕ್ಷೆ. ಆಮೇಲೆ ಅವರಿಗೂ ಮಂಡಿನೋವು ಬಂತು, ಬಲ್ಬು ತೆಗೆಯುವುದೂ ಬೇಜಾರಾಯಿತು. ಸ್ವಿಚ್ಚಿನ ಮೇಲಿರುವ ಸಣ್ಣ ಟೆಸ್ಟ್ ಬಟನ್ ಒತ್ತಿ "ಬಿತ್ತಾ? ಬರಿ" ಎನ್ನತೊಡಗಿದರು. ಗುರುವಿನಿಂದ ಶಿಷ್ಯನಿಗೆ ಬಂದ ವಿದ್ಯೆ ಅದು. ಬಹಳ ವರ್ಷ ನಾನೂ ಬಟನ್ ಒತ್ತಿಯೇ ಬರೆದೆ.

ಬಟನ್ ಒತ್ತಿದರೆ ಸ್ವಿಚ್ಚು ತನ್ನ ಆರೋಗ್ಯವನ್ನು ತಾನೇ ನೋಡಿಕೊಳ್ಳುತ್ತದೆ, ಮನೆಯ ಆರೋಗ್ಯವನ್ನಲ್ಲ. ಮನೆಯ ಅರ್ತ್ ಹೇಗಿದೆ, ಎಷ್ಟು ಹೊತ್ತಿಗೆ ಬಿತ್ತು, ಎಷ್ಟು ಕರೆಂಟಿಗೆ ಬಿತ್ತು ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಹಾಗಂತ ಬಟನ್ ಒತ್ತಬೇಡಿ ಎಂದಲ್ಲ. ಮನೆಯವರು ತಿಂಗಳಿಗೊಂದು ಸಲ ಒತ್ತಬೇಕು, ಇಲ್ಲದಿದ್ದರೆ ಒಳಗೆ ಜಿಡ್ಡುಗಟ್ಟಿ ಕುಳಿತುಬಿಡುತ್ತದೆ. ತಾರೀಕು ಹೇಳಿದರೆ ನಮ್ಮ ಕಡೆಯವರು ನೆನಪಿಡುವುದಿಲ್ಲ. ಅಮಾವಾಸ್ಯೆ ಯಾರೂ ಮರೆಯುವುದಿಲ್ಲ. ಅದಕ್ಕೆ ನಾನು "ಅಮಾಸೆ ಅಮಾಸೆಗೆ ಒತ್ತಿ" ಎಂದು ಹೇಳಿಕೊಂಡು ಬಂದೆ. ಕಾಗದದಲ್ಲಿ ಬರೆಯದ ನಿಯಮ ಅದು, ಆದರೆ ಅದೊಂದೇ ನಿಯಮವನ್ನು ಜನ ಪಾಲಿಸಿದ್ದು.

ಕೇಳದೆ ಒತ್ತಿದ್ದಕ್ಕೆ ನನಗೊಮ್ಮೆ ಶಾಸ್ತಿಯೂ ಆಯಿತು. ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುವ ಒಂದು ಶೆಡ್ಡು. ಒಳಗೆ ಹಬೆ, ಕಾಲಡಿ ನೀರು. ಬಿಸಿನೀರಿನ ಬೇಸಿನ್ನಿನ ಮುಂದೆ ಹೆಂಗಸರು ಸಾಲಾಗಿ ನಿಂತು ಗೂಡಿನಿಂದ ಎಳೆ ತೆಗೆಯುತ್ತಿದ್ದರು. ನಾನು ನೇರ ಬೋರ್ಡಿನ ಹತ್ತಿರ ಹೋಗಿ ಬಟನ್ ಒತ್ತಿದೆ. ಬಿತ್ತು. ರಾಟೆಗಳೆಲ್ಲ ನಿಂತವು. ಕೊನೆಯ ಬೇಸಿನ್ನಿನಿಂದ ಚೌಡಮ್ಮ ಎಂಬ ಹಿರಿಯ ಹೆಂಗಸು ಕೂಗಿದಳು.

"ಯಾವೋನ್ಲಾ ಅವ್ನು ಒತ್ತಿದೋನು? ಎಳೆ ಎಲ್ಲಾ ತುಂಡಾಯ್ತಲ್ಲಾ!"

"ಟೆಸ್ಟಿಂಗ್ ಕಣಮ್ಮ, ಆಫೀಸಿಂದ ಬಂದಿದೀನಿ."

"ಆಪೀಸಿಂದ ಬಂದಿದ್ರೆ ಇಲ್ಲಿ ಬಾ ಸಾ. ಈ ಎಳೆ ತುದಿ ನೀನೇ ಉಡ್ಕಿಕೊಡು."

ತಮಾಷೆಗೆ ಹೇಳಿದಳೆಂದು ನಾನು ನಕ್ಕೆ. ಅವಳು ನಗಲಿಲ್ಲ. ಬೇಸಿನ್ನಿಗೆ ಕೈ ಇಟ್ಟು ಎಳೆಯ ತುದಿ ಹುಡುಕಿದೆ. ಬೆರಳು ಬೆಂದವು, ತುದಿ ಸಿಗಲಿಲ್ಲ. ಅವಳು ಅದೇ ನೀರಿಗೆ ಕೈ ಹಾಕಿ ಸಲೀಸಾಗಿ ಹತ್ತು ಎಳೆ ಎತ್ತಿದಳು. ಆ ಒದ್ದೆ ಕೈಗಳಿಗಾಗಿಯೇ ಆ ಸ್ವಿಚ್ಚು ಇರುವುದು ಎಂದು ನನಗೆ ನಿಜವಾಗಿ ತಿಳಿದದ್ದು ಅಂದು. ಆಮೇಲೆ ಎಲ್ಲಿಯೂ "ಒತ್ತಲಾ?" ಎಂದು ಕೇಳದೆ ಒತ್ತಿಲ್ಲ.

ಯಳಂದೂರಿನ ಒಬ್ಬ ನಿವೃತ್ತ ಮೇಷ್ಟ್ರ ಮನೆಯಲ್ಲಿ ಬೇರೆ ಕಥೆ. ಅವರ ಸ್ವಿಚ್ಚು ವಾರಕ್ಕೆ ಎರಡು ಸಲ ಸಂಜೆ ಬೀಳುತ್ತಿತ್ತು. ಸ್ವಿಚ್ಚೇ ಸರಿಯಿಲ್ಲ ಎಂದು ಅವರು ಮೂರು ಬದಲಾಯಿಸಿದ್ದರು. ನಾನು ಅಡುಗೆಮನೆಗೆ ಹೋಗಿ ನೋಡಿದೆ. ದೋಸೆಹಿಟ್ಟು ರುಬ್ಬುವ ಗ್ರೈಂಡರಿನ ಮುಂದೆ ನೆಲದ ಮೇಲೆ ಒಂದು ಊಟದ ಮಣೆ.

"ಇದ್ಯಾಕೆ ಇಲ್ಲಿದೆ?" ಎಂದು ಮೇಷ್ಟ್ರ ಹೆಂಡತಿಯನ್ನು ಕೇಳಿದೆ.

"ಅದರ ಮ್ಯಾಲೆ ನಿಂತ್ಕಂಡು ರುಬ್ಬಬೇಕು ಸಾ. ಇಲ್ದಿದ್ರೆ ಜುಮ್ ಅಂತದೆ. ನಮ್ಮತ್ತೆ ಕಾಲದಿಂದ್ಲೂ ಅಂಗೇ."

ಮೇಷ್ಟ್ರಿಗೆ ಮಣೆಯ ವಿಷಯವೇ ಗೊತ್ತಿರಲಿಲ್ಲ. ಅವರು ಯಾವತ್ತೂ ರುಬ್ಬಿರಲಿಲ್ಲವಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಕರೆಂಟು ಸೋರುವ ಗ್ರೈಂಡರಿನ ರೋಗಕ್ಕೆ ಸ್ವಿಚ್ಚು ಬದಲಾಯಿಸುತ್ತಿದ್ದರು. ಗ್ರೈಂಡರ್ ರಿಪೇರಿಯಾಯಿತು, ಮಣೆ ಊಟಕ್ಕೆ ವಾಪಸ್ಸಾಯಿತು. ಆಗಿನಿಂದ ನಾನು ಯಾವ ಮನೆಗೆ ಹೋದರೂ ಮೊದಲು ಹೆಂಗಸರನ್ನು ಕೇಳುತ್ತೇನೆ ಎಂದು ಹೇಳಿಕೊಂಡು ತಿರುಗಿದೆ. ಹೇಳಿಕೊಂಡದ್ದು ನಿಜ. ಎಲ್ಲ ಕಡೆಯೂ ಕೇಳಿದೆನೇ ಎಂಬುದು ಮುಂದೆ ಗೊತ್ತಾಗುತ್ತದೆ.

ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ಹೊಸ ನಿಯಮ ಬಂತು. ಮನೆ, ಅಂಗಡಿ, ಶೆಡ್ಡು ಎಲ್ಲದಕ್ಕೂ ಬೀಳೋ ಸ್ವಿಚ್ಚು ಇರಲೇಬೇಕು, ಬರಿ ಬಟನ್ ಸಾಲದು, ಮೀಟರಿನಲ್ಲಿ ಅಳೆದು ಬರೆಯಬೇಕು ಎಂದಾಯಿತು. ಮೀಟರಿನ ಜೊತೆಗೇ ಹೊಸ ಸಾಹೇಬರೂ ಬಂದರು. ಕವಿತಾ ಮೇಡಂ. ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವರು. ಅರ್ಧ ಕರೆಂಟು ಕೊಟ್ಟರೆ ಬೀಳಬಾರದು, ಪೂರ್ತಿ ಕೊಟ್ಟರೆ ಬೀಳಲೇಬೇಕು, ಎಷ್ಟು ಮಿಲಿಸೆಕೆಂಡಿಗೆ ಬಿತ್ತು ಎಂದು ಬರೆಯಬೇಕು ಎಂದು ಒಂದೇ ದಿನದಲ್ಲಿ ಕಲಿಸಿದರು. ನಾನು ಒಳಗೊಳಗೇ ಗೊಣಗಿದೆ. ಆದರೆ ಮೀಟರ್ ಕೈಗೆ ಬಂದ ಮೇಲೆ ನನಗೂ ಅದರ ಹುಚ್ಚು ಹಿಡಿಯಿತು. ಇಪ್ಪತ್ತೆಂಟು, ಮೂವತ್ತೊಂದು ಎಂದು ಅಂಕಿ ಬಂದರೆ ಪರೀಕ್ಷೆಯಲ್ಲಿ ನನಗೇ ಮಾರ್ಕ್ಸ್ ಬಂದಷ್ಟು ಖುಷಿ.

ಆಗ ಮಾರ್ಟಳ್ಳಿಯಲ್ಲಿ ತಮಿಳು ಮನೆಮಾತಿನ ಪೆರುಮಾಳ್ ಎಂಬುವರ ದಿನಸಿ ಅಂಗಡಿಗೆ ಹೋದೆ. ಹೊಚ್ಚಹೊಸ ಸ್ವಿಚ್ಚು, ಮೇಲೆ ಅರಿಶಿನ ಕುಂಕುಮ. ಮೀಟರ್ ಹಾಕಿದೆ, ಬೀಳಲಿಲ್ಲ. ಬಟನ್ ಒತ್ತಿದೆ, ಬೀಳಲಿಲ್ಲ. ನಾನೇ ಕೈಯಿಂದ ಕೆಳಗಿಳಿಸಿದೆ. ಅಂಗಡಿಯ ಫ್ಯಾನು ತಿರುಗುತ್ತಲೇ ಇತ್ತು. ಬಿಚ್ಚಿ ನೋಡಿದರೆ ಸ್ವಿಚ್ಚಿಗೆ ಒಂದೂ ವೈರಿಲ್ಲ.

"ಏನ್ರೀ ಪೆರುಮಾಳ್, ಇದಕ್ಕೆ ಕನೆಕ್ಷನ್ನೇ ಇಲ್ಲವಲ್ಲ?"

"ಕನೆಕ್ಷನ್ ಕೊಟ್ರೆ ಆಗಾಗ ಬೀಳ್ತದೆ ಸಾರ್, ವ್ಯಾಪಾರ ಕೆಡ್ತದೆ. ಇದು ನಿಮ್ಗೋಸ್ಕರ ವೆಚ್ಚಿರುಕ್ಕು, ಇಟ್ಟಿರೋದು. ನೀವು ಬಂದು ನೋಡಬೇಕಲ್ಲ ಸಾರ್?"

ಅವರು ಮೋಸ ಮಾಡುತ್ತಿದ್ದೇನೆ ಎಂದು ಹೇಳಲಿಲ್ಲ. ನನಗೆ ಮರ್ಯಾದೆ ಮಾಡುತ್ತಿದ್ದೇನೆ ಎಂಬ ಮುಖದಲ್ಲಿ ಹೇಳಿದರು. ಆಫೀಸಿಗೆ ಬಂದು ಇದನ್ನು ನಗುತ್ತಾ ವರದಿ ಮಾಡಿದೆ. ಕವಿತಾ ಮೇಡಂ ಸ್ವಲ್ಪ ನಕ್ಕು, ಆಮೇಲೆ ಹೇಳಿದರು: "ಹಾಗಾದರೆ ಇನ್ನು ಮೇಲೆ ಎಲ್ಲ ಕಡೆಯೂ ಸ್ವಿಚ್ಚು ಬೀಳಿಸಿದ ಮೇಲೆ ಒಂದು ಸುತ್ತು ಹೋಗಿ. ಮನೆ, ಕೊಟ್ಟಿಗೆ, ಬಚ್ಚಲು. ಏನಾದರೂ ಇನ್ನೂ ಉರಿಯುತ್ತಿದೆಯಾ ನೋಡಿ. ಸ್ವಿಚ್ಚು ಪಾಸಾದರೆ ಸಾಲದು, ಮನೆ ಪಾಸಾಗಬೇಕು."

ನಾನು ಹ್ಞೂಂಗುಟ್ಟಿದೆ. ಒಂದಷ್ಟು ದಿನ ಸುತ್ತಿದೆ ಕೂಡ. ಹನೂರು ಕಡೆಯ ಬಿಸಿಲಿನಲ್ಲಿ ದಿನಕ್ಕೆ ಏಳೆಂಟು ಮನೆ ಮುಗಿಸುವವನಿಗೆ ಪ್ರತಿ ಹಿತ್ತಲು ಸುತ್ತುವುದು ಬಲು ದೊಡ್ಡ ಕೆಲಸ. ಸ್ವಿಚ್ಚಿಗೆ ವೈರಿದೆ, ಮೀಟರಿನಲ್ಲಿ ಅಂಕಿ ಬಂದಿದೆ, ಇನ್ನೇನು? ಕೆಲವು ಮನೆಯಲ್ಲಿ ಸುತ್ತಲಿಲ್ಲ.

ಸತ್ತೇಗಾಲದ ಹತ್ತಿರ ಕಬ್ಬಿನ ಗದ್ದೆಯ ನಡುವಿನ ಒಂದು ತೋಟದ ಮನೆ ಹಾಗೆ ಸುತ್ತದೆ ಬಿಟ್ಟ ಮನೆ. ಪುಟ್ಟಮ್ಮ ಎಂಬ ಸೊಸೆ, ಅವಳ ಅತ್ತೆ, ಗಂಡ, ಗಂಡನ ತಮ್ಮ ಮಾದೇವ. ಮಾದೇವನಿಗೆ ವೈರಿಂಗ್ ಗೊತ್ತು ಎಂದು ಮನೆಯವರ ನಂಬಿಕೆ, ಅವನದೂ ಅದೇ ನಂಬಿಕೆ. ಮಧ್ಯಾಹ್ನ ಹೋಗಿದ್ದೆ. ಮೀಟರ್ ಹಾಕಿದೆ, ಇಪ್ಪತ್ತೊಂಬತ್ತು ಮಿಲಿಸೆಕೆಂಡು. ಅಂಥ ಚೆಂದದ ಅಂಕಿ ನೋಡಿ ಜಗುಲಿಯಲ್ಲೇ ಕುಳಿತು ಪಾಸ್ ಎಂದು ಬರೆದು ಸಹಿ ಹಾಕಿದೆ. ಪುಟ್ಟಮ್ಮ ಕೊಟ್ಟ ಮಜ್ಜಿಗೆ ಕುಡಿದೆ. ಅವಳನ್ನು ಏನೂ ಕೇಳಲಿಲ್ಲ.

ಕೆಲವು ತಿಂಗಳ ಮೇಲೆ, ಒಂದು ಸಂಜೆ, ಸತ್ತೇಗಾಲದ ಬಸ್ ನಿಲ್ಲುವ ಜಾಗದಲ್ಲಿ ಪುಟ್ಟಮ್ಮ ಸಿಕ್ಕಳು. ಬೈಕ್ ನಿಲ್ಲಿಸಿ, ಮನೆ ಕಡೆ ಹೇಗಿದ್ದಾರೆ ಎಂದು ವಾಡಿಕೆಗೆ ಕೇಳಿದೆ.

"ಏನ್ ಏಳನ ಸಾ. ನಮ್ಮ ಸೀಮೆಅಸ ಓಯ್ತು. ಆವು ಕಡೀತು."

"ಅಯ್ಯೋ, ಹಸುವಿಗೆ ಹಾವು ಕಡೀತಾ? ಎಲ್ಲಿ?"

"ಕೊಟ್ಟಿಗೆ ಅತ್ರಾನೇ. ನಾನು ಪೈಪಿಗೆ ನೀರ್ ಉಯ್ದು ಇಂಗೆ ತಿರುಗಿದ್ನಾ, ಅದು ಅಲ್ಲೇ ಕುಸುದ್ಬುಡ್ತು. ಒಂದ್ ಗಳಿಗೆ ಮುಂಚೆ ಆಗಿದ್ರೆ ಆ ಆವು ನನ್ನೇ ಕಡೀತಿತ್ತು."

"ಯಾವ ಪೈಪಿಗವ್ವಾ ನೀರು?"

"ಅದೇ, ನೆಲಕ್ಕೆ ಒಡ್ದಿಲ್ವಾ ಸಾ, ಆ ಪೈಪಿಗೆ. ಕೊಟ್ಟಿಗೆ ಲೈಟು ಮಂಕಾಯ್ತದೆ. ಒಂದ್ ಬಿಂದಿಗೆ ಉಯ್ದ್ರೆ ಜೋರಾಯ್ತದೆ. ದಿನಾ ಸಂಜೆ ನಂದೇ ಆ ಕೆಲ್ಸ."

ಅದರ ಅರ್ಥ ನಿಮಗೂ ಹೇಳಿಬಿಡುತ್ತೇನೆ. ದೀಪಕ್ಕೆ ಎರಡು ವೈರು ಬೇಕು. ಒಂದೇ ವೈರಿದ್ದಾಗ ನಮ್ಮ ಕಡೆಯ ಜಾಣರು ಇನ್ನೊಂದರ ಬದಲು ನೆಲಕ್ಕೆ ಕಬ್ಬಿಣದ ಪೈಪು ಹೊಡೆದು ಭೂಮಿಯಿಂದಲೇ ಕರೆಂಟು ವಾಪಸ್ಸು ಕಳಿಸುತ್ತಾರೆ. ನೆಲ ಒಣಗಿದರೆ ದೀಪ ಮಂಕು, ನೀರು ಹುಯ್ದರೆ ಜೋರು. ಆ ಪೈಪಿನಲ್ಲಿ, ಅದರ ಸುತ್ತಲಿನ ಒದ್ದೆ ಮಣ್ಣಿನಲ್ಲಿ ಕರೆಂಟು ಇರುತ್ತದೆ. ನಾಲ್ಕು ಕಾಲು ಊರಿ ನಿಂತ ದನಕ್ಕೆ ಅದು ಮನುಷ್ಯನಿಗಿಂತ ಬೇಗ ತಗಲುತ್ತದೆ. ಇಂಥ ದೀಪಕ್ಕೆ ಬೀಳೋ ಸ್ವಿಚ್ಚು ಒಂದು ಕ್ಷಣವೂ ನಿಲ್ಲುವುದಿಲ್ಲ. ಆದರೂ ದೀಪ ಉರಿಯುತ್ತಿದೆ ಎಂದರೆ, ಆ ವೈರು ಸ್ವಿಚ್ಚಿಗಿಂತ ಮುಂಚೆಯೇ ಹೊರಟಿದೆ.

ಬೈಕಿನ ಹಿಂದೆ ಅವಳನ್ನು ಕೂರಿಸಿಕೊಂಡೇ ಹೋದೆ. ಆಗಷ್ಟೇ ಹೊತ್ತು ಮುಳುಗುತ್ತಿತ್ತು. ಸ್ವಿಚ್ಚು ಕೆಳಗಿಳಿಸಿದೆ. ಮನೆಯೆಲ್ಲ ಆರಿತು. ಹಿತ್ತಲಿಗೆ ಹೋದರೆ ಕೊಟ್ಟಿಗೆಯ ಬಲ್ಬು ಕೆಂಪಗೆ ಉರಿಯುತ್ತಿತ್ತು. ಪೈಪಿನಿಂದ ಒಂದು ಹೆಜ್ಜೆ ದೂರದ ನೆಲಕ್ಕೆ ಮೀಟರ್ ಹಿಡಿದರೆ ಎಪ್ಪತ್ತು ವೋಲ್ಟು. ಯಾರೂ ಹತ್ತಿರ ಬರಬೇಡಿ ಎಂದು ಕೂಗಿ, ಮೇನ್ ಆರಿಸಿ, ಆ ವೈರನ್ನು ಬೋರ್ಡಿನಿಂದ ಬಿಚ್ಚಿ ಹಾಕಿದೆ.

ಮಾದೇವ ಬಂದ. "ಯಾವತ್ತು ಹೀಗೆ ಮಾಡಿದ್ದು?" ಎಂದು ಕೇಳಿದೆ.

"ಕೊಟ್ಟಿಗೆ ಕಟ್ಟಿದಾಗ ಒಂದೇ ವೈರ್ ಇತ್ತು ಸಾ. ನಿಮ್ಮ ಸ್ವಿಚ್ಚು ಆಕಿಸಿದ್ ಮ್ಯಾಲೆ ಈ ಲೈಟಾಕಿದ್ರೆ ಬೀಳೋದು. ಅದ್ಕೆ ಬಿಲ್ ಮೀಟ್ರಿಂದ್ಲೇ ಡೈರೆಕ್ಟ್ ಕೊಟ್ಟೆ."

"ಹಸು ಬಿದ್ದ ದಿನ ಈ ಲೈನಿಗೆ ಬೇರೆ ಏನಾದರೂ ಕೊಟ್ಟಿದ್ದೆಯಾ?"

"ಉಲ್ಲು ಕತ್ತರಿಸೋ ಮಿಷಿನ್ ಕೊಟ್ಟಿದ್ದೆ ಸಾ. ಗುಂಯ್ ಅಂತು, ತಿರುಗ್ನಿಲ್ಲ." ಹೇಳುತ್ತಲೇ ಅವನು ಪೈಪಿನ ಕಡೆ ತಿರುಗಿ ನೋಡಿದ. ಮಿಷಿನ್ನಿನ ಮೋಟಾರು ಬಲ್ಬಿನ ಹಾಗೆ ಕರೆಂಟು ತಡೆಯುವುದಿಲ್ಲ. ಆ ಗಳಿಗೆಯಲ್ಲಿ ಪೈಪಿಗೆ ಹೆಚ್ಚುಕಡಿಮೆ ಪೂರ್ತಿ ಕರೆಂಟು ಬಂದಿದೆ. ಪುಟ್ಟಮ್ಮ ಬಿಂದಿಗೆ ಹಿಡಿದು ಇತ್ತ ತಿರುಗಿದ್ದಳು, ಹಸು ಅಲ್ಲೇ ನಿಂತಿತ್ತು.

ಮಾರನೆಯ ದಿನ ಕವಿತಾ ಮೇಡಂಗೆ ಎಲ್ಲ ಹೇಳಿದೆ. ಮುಚ್ಚಿಡಬಹುದಿತ್ತು. ಮನೆಯವರು ಹಾವು ಎಂದು ನಂಬಿ ಹಸುವನ್ನು ಮಣ್ಣು ಮಾಡಿದ್ದರು, ನನ್ನ ರಿಟೈರ್‌ಮೆಂಟಿಗೆ ಆರು ತಿಂಗಳಿತ್ತು. ರಾತ್ರಿಯೆಲ್ಲ ಹಾಗೆ ಯೋಚನೆಯೂ ಬಂತು, ಸುಳ್ಳು ಹೇಳುವುದಿಲ್ಲ. ಮೇಡಂ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಒಂದೇ ಮಾತು ಕೇಳಿದರು: "ರಿಪೋರ್ಟಲ್ಲಿ ಏನು ಬರೀತೀರಿ?" ಹಿಂದಿನ ಪರೀಕ್ಷೆಯಲ್ಲಿ ಹಿತ್ತಲು ನೋಡಿಲ್ಲ, ತಪ್ಪು ನನ್ನದು ಎಂದು ಅವರ ಮುಂದೆಯೇ ಬರೆದೆ. ಆಮೇಲೆ ನಾವಿಬ್ಬರೂ ಅದುವರೆಗೆ ನಾನು ಸಹಿ ಹಾಕಿದ್ದ ಮನೆಗಳ ಪಟ್ಟಿ ತೆಗೆದು, ಸುತ್ತದೆ ಬಿಟ್ಟವುಗಳನ್ನು ಗುರುತು ಹಾಕಿದೆವು. ಆರು ತಿಂಗಳೂ ನನಗೆ ಅದೇ ಕೆಲಸವಾಯಿತು. ಅಂಥ ಪೈಪುಗಳು ಇನ್ನೂ ನಾಲ್ಕು ಕಡೆ ಸಿಕ್ಕವು.

ಸತ್ತೇಗಾಲದ ಮನೆಯಲ್ಲಿ ಕೊಟ್ಟಿಗೆಗೆ ಎರಡು ವೈರು ಎಳೆಸಿ, ಪೈಪು ಕೀಳಿಸಿದ ಮೇಲೆ ಮತ್ತೆ ಟೆಸ್ಟಿಗೆ ಹೋದೆ. ಮೇಡಂ ಕೂಡ ಬಂದಿದ್ದರು. ಎಲ್ಲ ಸರಿಯಿತ್ತು. ಜಗುಲಿಯಲ್ಲಿ ಪುಟ್ಟಮ್ಮನ ಮುಂದೆ ಕುಳಿತು, ಹಸು ಹಾವು ಕಡಿದು ಸತ್ತದ್ದಲ್ಲ ಎಂದು ಹೇಳಿದೆ. ಪೈಪಿನಿಂದ ಸತ್ತಿತು, ಅವತ್ತು ನಾನು ಹಿತ್ತಲಿಗೆ ಬಂದು ನೋಡಿದ್ದರೆ ಉಳಿಯುತ್ತಿತ್ತು ಎಂದೂ ಹೇಳಿದೆ. ಮಾದೇವನ ತಪ್ಪಿಗಿಂತ ನನ್ನ ತಪ್ಪು ದೊಡ್ಡದು, ಅವನಿಗೆ ತಿಳಿಯದು, ನನಗೆ ತಿಳಿದಿತ್ತು ಎಂದೆ. "ಆ ಹಳೇ ಕಾಗದ ವಾಪಸ್ ಕೊಡವ್ವ, ಅದು ಸುಳ್ಳು ಕಾಗದ" ಎಂದು ಕೇಳಿದೆ.

ಅವಳು ಒಳಗೆ ಹೋಗಿ ತಂದಳು. ನನ್ನ ರಿಪೋರ್ಟಿಗೆ ಲ್ಯಾಮಿನೇಷನ್ ಮಾಡಿಸಿ, ದೇವರ ಪಟಗಳ ಪಕ್ಕ ಮೊಳೆಗೆ ಸಿಕ್ಕಿಸಿದ್ದರಂತೆ. ಅದನ್ನು ಹಿಡಿದುಕೊಂಡೇ ಹೇಳಿದಳು.

"ಮೊದ್ಲು ಕಾಲು ಜುಮ್ ಅಂತಿತ್ತು ಸಾ. ಭಯವಾಗಿ, ನಾನು ದೂರ ನಿಂತ್ಕಂಡು ಚೊಂಬ್ನಲ್ಲಿ ಎರಚ್ತಿದ್ದೆ. ನೀವು ಈ ಕಾಗ್ದ ಕೊಟ್ಟ ಮ್ಯಾಲೆ ನಮ್ಮತ್ತೆ ಅಂದ್ರು, ಆಪೀಸ್ನವ್ರೇ ನೋಡಿ ಸೈನ್ ಆಕವ್ರೆ, ಇನ್ನೇನವ್ವಾ ಭಯ, ಅತ್ರ ಓಗಿ ಉಯ್ಯಿ ಅಂತ. ಅವತ್ತಿಂದ ಜುಮ್ ಅಂದ್ರೂ ನಾನು ಪೈಪ್ ಅತ್ರಾನೇ ನಿಂತ್ಕಂಡು ಉಯ್ತಿದ್ದೆ."

ಬೈಯುವ ದನಿಯಿರಲಿಲ್ಲ. ನಡೆದದ್ದು ಹೇಳಿ ಕಾಗದವನ್ನು ನನ್ನ ಕೈಗಿಟ್ಟಳು. ನಾನು ಹೊಸ ರಿಪೋರ್ಟಿಗೆ ಸಹಿ ಹಾಕಲು ಪೆನ್ನು ತೆಗೆದಿದ್ದೆ. ಅದನ್ನು ಮತ್ತೆ ಜೇಬಿಗಿಟ್ಟು, "ಬಾವ್ವ, ನೀನೂ ಜೊತೆಗೆ ಬಾ" ಎಂದು ಪುಟ್ಟಮ್ಮನನ್ನು ಕರೆದುಕೊಂಡು, ಬೋರ್ಡಿನಿಂದ ಶುರುಮಾಡಿ ಇಡೀ ಮನೆಯನ್ನು ಇನ್ನೊಂದು ಸಲ ಟೆಸ್ಟ್ ಮಾಡಿದೆ.